ಸಾಲ ಸಲಹಾ ಸೇವೆ: ಎಂಟು ತಿಂಗಳ ನಂತರ ನನ್ನ ಅನಿಸಿಕೆ

ಮೂರು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್. ಪ್ರತಿ ತಿಂಗಳೂ ಕನಿಷ್ಠ ಮೊತ್ತ ಕಟ್ಟಿ ಸುಮ್ಮನಾಗುತ್ತಿದ್ದೆ. ತಿಂಗಳಿಗೆ ಶೇಕಡ 3 ಬಡ್ಡಿ ಅಂದರೆ, ಏನೂ ಕಟ್ಟದಿದ್ದರೆ ಸಾಲ ಎರಡೇ ವರ್ಷದಲ್ಲಿ ದುಪ್ಪಟ್ಟು. ಇದನ್ನು ಮೊದಲ ಭೇಟಿಯಲ್ಲೇ ಸಲಹೆಗಾರ್ತಿ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಹೊಟ್ಟೆಯಲ್ಲಿ ಕಲಸಿದಂತಾಯಿತು.

ಅದಕ್ಕೂ ಮೊದಲು ಇನ್ನೊಂದು ಕಂಪನಿಗೆ ಹೋಗಿದ್ದೆ. ಸಾಲವನ್ನೆಲ್ಲ ಒಂದೇ ಲೋನ್ ಮಾಡಿಕೊಡುತ್ತೇವೆ, ಕಂತು ಕಡಿಮೆ ಆಗುತ್ತೆ ಅಂದರು. ಕಂತು ಕಡಿಮೆ ನಿಜ, ಆದರೆ ಅವಧಿ 5 ವರ್ಷ! ಶೇಕಡ 14ರ ಬಡ್ಡಿಗೆ 3 ವರ್ಷದಲ್ಲಿ ತೀರಿಸಿದರೆ ನೂರಕ್ಕೆ ಸುಮಾರು 23 ಬಡ್ಡಿ, 5 ವರ್ಷಕ್ಕೆ ಸುಮಾರು 40. ಇದನ್ನು ಅವರು ಬಾಯಿಬಿಡಲೇ ಇಲ್ಲ.

ಇಲ್ಲಿ ಹಾಗಲ್ಲ. ಜಾಸ್ತಿ ಬಡ್ಡಿಯ ಕಾರ್ಡ್ ಮೊದಲು ತೀರಿಸಿದರೆ ದುಡ್ಡು ಉಳಿಯುತ್ತೆ, ಚಿಕ್ಕ ಸಾಲ ಮೊದಲು ತೀರಿಸಿದರೆ ಉತ್ಸಾಹ ಉಳಿಯುತ್ತೆ, ಆಯ್ಕೆ ನಿಮ್ಮದು ಅಂದರು. ನಾನು ಉತ್ಸಾಹವನ್ನೇ ಆರಿಸಿದೆ, ನನ್ನ ಸ್ವಭಾವ ನನಗೆ ಗೊತ್ತಲ್ವಾ. ಸೆಟಲ್‌ಮೆಂಟ್ (ಬಾಕಿಗಿಂತ ಕಡಿಮೆ ಮೊತ್ತ ಕಟ್ಟಿ ಸಾಲ ಮುಗಿಸಿಕೊಳ್ಳುವುದು) ಬಗ್ಗೆ ಕೇಳಿದ್ದಕ್ಕೆ, ಅದು ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಲೆಯಾಗಿ ಉಳಿಯುತ್ತೆ, ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ ಅಂತ ನೇರವಾಗಿ ಹೇಳಿದರು.

ಕೊರತೆ? ಫೋನ್ ಎತ್ತುವುದೇ ಇಲ್ಲ. ಆ್ಯಪ್ ಅಂತೂ ಸುಮ್ನೆ ಅಲಂಕಾರಕ್ಕೆ. ಐದಕ್ಕೆ ನಾಲ್ಕು ಅಂಕ. ಎರಡು ಕಾರ್ಡ್ ಮುಗಿದಿವೆ, ಮೂರನೆಯದನ್ನು ಕತ್ತರಿಸಿ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.