ಶಾರ್ಟ್‌ಸ್ಟಾಪ್ ಆಯ್ಕೆಗೆ ಯಾವ ಲೆಕ್ಕ?

ಶಿರಸಿಯಲ್ಲೋ ಕಾರವಾರದಲ್ಲೋ ಬೇಸ್‌ಬಾಲ್ ತಂಡ ಕಟ್ಟುವವರು ಬೇಸ್‌ಗಳ ಬಳಿ ನಿಂತು ಚೆಂಡು ತಡೆಯುವ ಇನ್‌ಫೀಲ್ಡ್ ಆಟಗಾರರನ್ನು, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನಂಥವರನ್ನು, ಅಳೆಯಲು ಮೊದಲು ಹಿಡಿಯುವುದು ಫೀಲ್ಡಿಂಗ್ ಶೇಕಡಾವಾರನ್ನು. ಆಟಗಾರನು ತಾನೇ ಮಾಡಿದ ಔಟ್‌ಗಳನ್ನೂ ನೆರವಾದ ಔಟ್‌ಗಳನ್ನೂ ಕೂಡಿಸಿ, ಆ ಮೊತ್ತಕ್ಕೆ ತಪ್ಪುಗಳನ್ನು ಸೇರಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸಿದರೆ ಇದು ಸಿಗುತ್ತದೆ. ಲೆಕ್ಕವೇನೋ ಸುಲಭ, ಆದರೆ ಚೆಂಡಿನ ಬಳಿಗೇ ತಲುಪದವನ ಹೆಸರಿಗೆ ತಪ್ಪೂ ಬೀಳದಿರುವುದರಿಂದ, ನಿಧಾನವಾಗಿ ಓಡುವವನೇ ಇಲ್ಲಿ ಜಾಣನಂತೆ ಕಾಣಿಸಬಹುದು. ನಮ್ಮ ಕೆಂಪುಮಣ್ಣಿನ ಮೈದಾನಗಳಲ್ಲಿ ಚೆಂಡು ಅಡ್ಡಾದಿಡ್ಡಿ ಪುಟಿದಾಗಲಂತೂ ಅದು ತಪ್ಪೋ ಅಲ್ಲವೋ ಎಂಬುದು ಸ್ಕೋರರ್‌ನ ತೀರ್ಮಾನಕ್ಕೆ ಬಿಟ್ಟದ್ದು.

ಅಮೆರಿಕದ ಬೇಸ್‌ಬಾಲ್ ಅಂಕಿಅಂಶ ಬರಹಗಾರ ಬಿಲ್ ಜೇಮ್ಸ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ರೇಂಜ್ ಫ್ಯಾಕ್ಟರ್ ತಪ್ಪುಗಳನ್ನು ಬಿಟ್ಟು, ಔಟ್ ಮತ್ತು ನೆರವುಗಳ ಮೊತ್ತವನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸುತ್ತದೆ. 1980ರ ಒಂದೇ ಋತುವಿನಲ್ಲಿ 621 ನೆರವುಗಳನ್ನು ನೀಡಿದ ಶಾರ್ಟ್‌ಸ್ಟಾಪ್ ಆಝೀ ಸ್ಮಿತ್ ಅವರ ವ್ಯಾಪ್ತಿ ಇಂಥ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಆದರೂ ಚೆಂಡೆಸೆಯುವ ಪಿಚರ್ ಬ್ಯಾಟರ್‌ಗಳಿಂದ ನೆಲಚೆಂಡುಗಳನ್ನೇ ಹೊಡೆಸುವವನಾದರೆ ಅಂಕಿ ತಾನಾಗಿ ಉಬ್ಬುತ್ತದೆ. ಇತರರು ಎಸೆದ ಚೆಂಡನ್ನು ಹಿಡಿದೇ ಔಟ್ ಗಳಿಸುವ ಮೊದಲ ಬೇಸ್‌ನವನಿಗಂತೂ ಇದು ಹೊಂದುವುದಿಲ್ಲ.

ಕ್ಯಾಮೆರಾ ಆಧರಿಸಿದ ಅಮೆರಿಕದ ಅಳತೆಗಳು ನಮ್ಮ ಕೈಗೆಟುಕವು. ಶಾರ್ಟ್‌ಸ್ಟಾಪ್ ಮತ್ತು ಎರಡನೇ ಬೇಸ್‌ಗೆ ನಾನಾದರೆ ರೇಂಜ್ ಫ್ಯಾಕ್ಟರನ್ನೇ ಆರಿಸುವೆ. ಅದೂ ಒಂದೇ ತಂಡದ, ಅದೇ ಪಿಚರ್‌ಗಳ ಹಿಂದೆ ಆಡಿದವರನ್ನು ಹೋಲಿಸುವಾಗ ಮಾತ್ರ.