ಹಳೇ ರೋಡ್ ಸೈಕಲ್ಲಿಗೆ 27 ಇಂಚೋ 700ಸಿಯೋ, ಮಡ್‌ಗಾರ್ಡ್ ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ

ಹೋಲಿಕೆಗೆ ಹಿಡಿದ ಸೈಕಲ್ಲು 1970ರ ದಶಕದ ರ‍್ಯಾಲಿ ಗ್ರ್ಯಾಂಡ್ ಪ್ರಿ. ಹತ್ತು ಗೇರು, 27 × 1¼ ಇಂಚಿನ ಚಕ್ರ, ಕ್ರೋಮ್ ಬಳಿದ ಉಕ್ಕಿನ ರಿಮ್ಮು, ವೈನ್‌ಮನ್ ಸೆಂಟರ್‌ಪುಲ್ ಬ್ರೇಕು, ಹಿಂದಿನ ಚಕ್ರದ ನಡುವೆ 120 ಮಿ.ಮೀ. ಅಗಲದ ಹಬ್ಬು. ಆ ಕಾಲದ ಬಹುಪಾಲು ಹತ್ತು ಗೇರಿನ ಉಕ್ಕಿನ ಸೈಕಲ್ಲುಗಳಿಗೂ ಇದೇ ಲೆಕ್ಕ ಹೊಂದುತ್ತದೆ.

ಏನೇ ಆದರೂ ಉಕ್ಕಿನ ರಿಮ್ಮು ಮೊದಲು ಹೋಗಬೇಕು. ಒಣಗಿದ್ದಾಗ ಹೇಗೋ ಹಿಡಿಯುವ ಬ್ರೇಕು ನೆಂದ ಕ್ರೋಮಿನ ಮೇಲೆ ಜಾರುತ್ತದೆ. ಲಿವರು ಹ್ಯಾಂಡಲ್ಲಿಗೆ ತಾಗುವಷ್ಟು ಹಿಂಡಿದರೂ ಚಕ್ರ ಉರುಳುತ್ತಲೇ ಇರುತ್ತದೆ. ಮಲೆನಾಡಿನ ಜೂನ್ ಮಳೆಯಲ್ಲಿ ಘಾಟಿ ಇಳಿಯುವ ಮಾತೇ ಬೇಡ. ಅಲ್ಯೂಮಿನಿಯಂ ರಿಮ್ಮು ಹಾಕಿದರೆ ಬ್ರೇಕಿನ ಹಿಡಿತ ಬೇರೆಯೇ ಆಗುತ್ತದೆ, ಚಕ್ರದ ಅಂಚಿನ ಭಾರವೂ ಇಳಿಯುತ್ತದೆ. ಉಳಿಯುವ ಪ್ರಶ್ನೆ ಅಳತೆಯದು: ಹಳೇ 27 ಇಂಚೋ, ಈಗಿನ ರೋಡ್ ಸೈಕಲ್ಲುಗಳ 700ಸಿಯೋ.

ಸನ್ ಸಿಆರ್18 ರಿಮ್ಮು ಎರಡೂ ಅಳತೆಯಲ್ಲಿ ತಯಾರಾಗಿದೆ. ಹಾಗಾಗಿ ಅದೇ ರಿಮ್ಮು, 36 ಕಡ್ಡಿ (ಸ್ಪೋಕ್), ಒಂದೇ ಬಗೆಯ ಹಬ್ಬು ಇಟ್ಟುಕೊಂಡು ಹೋಲಿಸಬಹುದು. 27 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 630 ಮಿ.ಮೀ., 700ಸಿಯಲ್ಲಿ 622. ವ್ಯತ್ಯಾಸ 8, ಒಂದು ಬದಿಗೆ ಅದರ ಅರ್ಧ. ಅಂದರೆ ಬ್ರೇಕ್ ರಬ್ಬರು 4 ಮಿ.ಮೀ. ಕೆಳಗಿಳಿಯಬೇಕು. ಇಡೀ ಕೆಲಸ ನಿಂತಿರುವುದು ಈ 4 ಮಿ.ಮೀ. ಮೇಲೆ.

ವೈನ್‌ಮನ್ ಬ್ರೇಕಿನ ತೋಳಿನ ಮೇಲೆ 610 ಅಥವಾ 750 ಎಂದು ಅಚ್ಚಾಗಿರುತ್ತದೆ. 610 ಎಂದರೆ ರಬ್ಬರು ಹೆಚ್ಚೆಂದರೆ 61 ಮಿ.ಮೀ. ಇಳಿಯುತ್ತದೆ, 750 ಎಂದರೆ 75. ಬ್ರೇಕ್ ಬೋಲ್ಟಿನ ನಡುವಿನಿಂದ ಈಗಿನ ರಿಮ್ಮಿನ ಪಕ್ಕೆಯ ನಡುವಿನವರೆಗೆ ಅಳೆದು 4 ಕೂಡಿಸಿ. ಮೊತ್ತ 57ರ ಒಳಗಿದ್ದರೆ 610 ನಿಶ್ಚಿಂತೆ. 60 ದಾಟಿದರೆ 610ರ ಜೊತೆ 700ಸಿಯ ಯೋಚನೆ ಕೈಬಿಡಿ. ತೋಳಿನ ಸೀಳಿನ ಕೊನೆಗೆ ರಬ್ಬರು ತಳ್ಳಿ ಬಿಗಿದರೆ ಅದು ಸವೆದಂತೆ ಮೇಲಕ್ಕೆ ವಾಲಿ ಟೈರಿನ ಪಕ್ಕೆಯನ್ನು ಕೊಯ್ಯುತ್ತದೆ. ಹಾಗೆ ಕೊಯ್ದ ಟೈರು ಮುನ್ಸೂಚನೆ ಇಲ್ಲದೆ ಸಿಡಿಯುತ್ತದೆ.

ಬ್ರೇಕು ಎಟುಕುವುದಾದರೆ 700ಸಿಯೇ ಸರಿ. ಮುಖ್ಯ ಕಾರಣ ಟೈರು. 27 × 1¼ರಲ್ಲಿ ಪ್ಯಾನರೇಸರ್ ಪಸೇಲಾದಂಥ ಒಳ್ಳೆಯ ಟೈರುಗಳಿವೆ, ಆದರೆ ಬೆರಳೆಣಿಕೆಯಷ್ಟು. 700ಸಿಯಲ್ಲಿ 28, 32, 35 ಮಿ.ಮೀ. ಎಂದು ಬೇಕಾದ ಅಗಲ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ. ನಮ್ಮ ಸೈಕಲ್ ಅಂಗಡಿಗಳಲ್ಲಿ ‘28ರ ಟೈರು ಕೊಡಿ’ ಎಂದರೆ ಕೈಗೆ ಬರುವುದು ಅಟ್ಲಾಸ್, ಹೀರೊ ಕಾಲದ 28 × 1½, ಅಂದರೆ 635. 700ಸಿ ಟೈರಿನ ಮೇಲೂ ಕೆಲವೊಮ್ಮೆ 28 ಎಂದೇ ಬರೆದಿರುತ್ತದೆ, ಅದು 622. ಇಂಚನ್ನು ಮರೆತು ಟೈರಿನ ಪಕ್ಕೆಯಲ್ಲಿ 32-622 ಎಂದೋ 32-630 ಎಂದೋ ಉಬ್ಬಿರುವ ಅಂಕಿಯನ್ನಷ್ಟೇ (ಮೊದಲನೆಯದು ಅಗಲ, ಎರಡನೆಯದು ಕೂರುವ ವ್ಯಾಸ) ನೋಡಿ. 630ರ ಟೈರು 622ರ ರಿಮ್ಮಿಗೆ ಸಲೀಸಾಗಿ ಏರುತ್ತದೆ, ಅಪಾಯ ಇರುವುದೇ ಅಲ್ಲಿ: ಗಾಳಿ ತುಂಬುತ್ತಿದ್ದಂತೆ ಒಂದು ಕಡೆ ಉಬ್ಬಿ ಕಳಚಿಕೊಳ್ಳುತ್ತದೆ.

ಹಳೆಯ ಹಬ್ಬನ್ನೇ ಉಳಿಸಿಕೊಂಡರೂ ಕಡ್ಡಿ ಹೊಸದೇ ಬೇಕು. 27ಕ್ಕೆ ಬಳಸಿದ್ದಕ್ಕಿಂತ 700ಸಿಗೆ ಸುಮಾರು 4 ಮಿ.ಮೀ. ಗಿಡ್ಡ. ಹಳೇ ಕಡ್ಡಿ ಹಾಕಿದರೆ ಅದನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟಾದ ನಿಪ್ಪಲ್ಲಿನಿಂದ ಹೊರಬಂದ ತುದಿ ಟ್ಯೂಬನ್ನು ಚುಚ್ಚುತ್ತದೆ.

ಹೊಸ ಹಬ್ಬು ಹಾಕುವುದಾದರೆ ಅಗಲ ನೋಡಿ. ಹಿಂದೆ ಆರು, ಏಳು ಹಲ್ಲುಚಕ್ರದ ಫ್ರೀವೀಲ್ (ತಿರುಪಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಹಬ್ಬು 126 ಮಿ.ಮೀ.; 120ರ ಉಕ್ಕಿನ ಫ್ರೇಮನ್ನು ಕೈಯಿಂದ ಅಗಲಿಸಿ ಕೂರಿಸಬಹುದು. ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ, 130ರ ಕ್ಯಾಸೆಟ್ ಹಬ್ಬಿಗೆ ಹಾಗೆ ಮಾಡಿದರೆ ಪ್ರತಿ ಪಂಕ್ಚರಿಗೂ ಹೆಣಗಾಟ. ಅದಕ್ಕೆ ಫ್ರೇಮನ್ನು ಬಗ್ಗಿಸಿಯೇ ಅಗಲಿಸಬೇಕು, ಒಂದೊಂದು ಬದಿಗೆ 5 ಮಿ.ಮೀ. ಉಕ್ಕು ಹಿಂದಕ್ಕೆ ಚಿಮ್ಮುವುದರಿಂದ ಸ್ವಲ್ಪ ಹೆಚ್ಚೇ ಬಗ್ಗಿಸಬೇಕಾಗುತ್ತದೆ. ಆಮೇಲೆ ಒಂದು ಡ್ರಾಪ್‌ಔಟಿಗೆ (ಹಿಂದಿನ ಆಕ್ಸಲ್ಲು ಕೂರುವ ಸೀಳಿಗೆ) ದಾರ ಕಟ್ಟಿ, ಹ್ಯಾಂಡಲ್ಲಿನ ಕೆಳಗಿನ ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪ್‌ಔಟಿಗೆ ಎಳೆದು ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಕಡೆ ಒಂದೇ ದೂರ ಬರಬೇಕು. ಥ್ರೆಡ್ ರಾಡಿಗೆ ನಟ್ಟು ಹಾಕಿ ಅಗಲಿಸುವವರಿದ್ದಾರೆ. ಮೆದು ಇರುವ ಬದಿ ಮಾತ್ರ ಬಗ್ಗಿ ಫ್ರೇಮು ಸೊಟ್ಟಗಾಗುವುದು ಅದರಲ್ಲೇ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳಿಗೆ ಯಾವ ದಾರಿಯೂ ಬೇಡ.

ಮುಂದಿನ ಫೋರ್ಕಿನಲ್ಲೂ ಒಂದು ತೊಡಕು ಬರಬಹುದು. ಹಳೆಯ ಬ್ರಿಟಿಷ್ ಫೋರ್ಕಿನ ಸೀಳು 8 ಮಿ.ಮೀ., ಈಗಿನ ಕ್ವಿಕ್ ರಿಲೀಸ್ (ಲಿವರಿನಿಂದ ಬಿಚ್ಚುವ) ಆಕ್ಸಲ್ಲು 9. ಅರದಿಂದ ಉಜ್ಜಬೇಕು, ಆದರೆ ಎರಡೂ ಕಾಲಿನಲ್ಲಿ ಸಮನಾಗಿ. ಒಂದು ಕಡೆ ಹೆಚ್ಚಾದರೆ ಚಕ್ರ ಓರೆಯಾಗಿ ಕೂರುತ್ತದೆ.

ಈಗ ಮಡ್‌ಗಾರ್ಡ್. ಚಕ್ರ ಬದಲಿಸಿದ ಲಾಭ ಕಾಣುವುದು ಇಲ್ಲಿ. 27 × 1¼ ಟೈರಿನ ಹೊರಮೈ ಆಕ್ಸಲ್ಲಿನಿಂದ ಸುಮಾರು 347 ಮಿ.ಮೀ. ದೂರ, 700 × 32ರದು 343, 700 × 28ರದು 339. ಫೋರ್ಕಿನ ತಲೆಯಡಿ ಮೊದಲು ತುರುಕಬೇಕಿದ್ದ ಮಡ್‌ಗಾರ್ಡು 28ರ ಟೈರಿನ ಮೇಲೆ 8 ಮಿ.ಮೀ. ಹೆಚ್ಚು ಜಾಗದಲ್ಲಿ ಕೂರುತ್ತದೆ. 35 ಹಾಕಿದರೆ ಆ ಲಾಭ ಹೋಯಿತು, ಎತ್ತರ ಮತ್ತೆ 346. ಹಾಗಾಗಿ 32ಕ್ಕೆ ನಿಲ್ಲಿಸುವುದು ಜಾಣತನ.

ಹಾಕಿ ನೋಡಿದ ಜೋಡಿ ಎರಡು, ಎರಡೂ ಸುಮಾರು 45 ಮಿ.ಮೀ. ಅಗಲ: ಜರ್ಮನಿಯ ಎಸ್‌ಕೆಎಸ್ ಕ್ರೋಮೋಪ್ಲಾಸ್ಟಿಕ್, ಜಪಾನಿನ ಹೊಂಜೊ ಅಲ್ಯೂಮಿನಿಯಂ. ಎಸ್‌ಕೆಎಸ್ ಒಂದು ಗಂಟೆಯ ಕೆಲಸ. ಮಡ್‌ಗಾರ್ಡನ್ನು ಹಿಡಿದಿಡುವ ಮುಂದಿನ ಸರಳುಗಳಿಗೆ ಕಳಚುವ ಕ್ಲಿಪ್ಪಿದೆ. ಕೋಲೋ ಕಲ್ಲೋ ಚಕ್ರಕ್ಕೆ ಸಿಕ್ಕಿದರೆ ಸರಳು ಬಿಟ್ಟುಕೊಳ್ಳುತ್ತದೆ. ಇಲ್ಲವಾದರೆ ಮಡ್‌ಗಾರ್ಡು ಮಡಚಿ ಚಕ್ರ ಗಕ್ಕನೆ ನಿಂತು ಸವಾರ ಮುಂದಕ್ಕೆ ಎಗರಿಬೀಳುತ್ತಾನೆ. ಅದರ ಕೊರತೆಯೆಂದರೆ ಚಪ್ಪಟೆ ಅಂಚು, ಮಳೆ ಜೋರಾದಾಗ ನೀರು ಪಕ್ಕಕ್ಕೆ ಸೋರುತ್ತದೆ.

ಹೊಂಜೊದ ಅಂಚು ಒಳಕ್ಕೆ ಸುರುಳಿಯಾಗಿದೆ. ನೀರು ಆ ಕಾಲುವೆಯಲ್ಲೇ ಇಳಿದು ಹೋಗುತ್ತದೆ. ಶೂ, ಚೈನು ಸ್ಪಷ್ಟವಾಗಿ ಹೆಚ್ಚು ಒಣಗಿರುತ್ತವೆ. ನೋಟದಲ್ಲಂತೂ ಹಳೇ ಸೈಕಲ್ಲಿಗೆ ಇದಕ್ಕಿಂತ ಚೆನ್ನಾಗಿ ಬೇರೇನೂ ಒಪ್ಪುವುದಿಲ್ಲ. ಆದರೆ ತೂತುಗಳನ್ನು ನೀವೇ ಕೊರೆಯಬೇಕು, ಅರ್ಧ ದಿನ ಬೇಕು. ಮೊದಲು ಚೈನ್‌ಸ್ಟೇ ಸೇತುವೆ, ಆಮೇಲೆ ಸೀಟ್‌ಸ್ಟೇ ಸೇತುವೆ (ಎರಡೂ ಹಿಂದಿನ ಚಕ್ರದ ಇಕ್ಕೆಲದ ಕೊಳವೆಗಳನ್ನು ಜೋಡಿಸುವ ಅಡ್ಡಪಟ್ಟಿಗಳು), ಕೊನೆಗೆ ಸರಳುಗಳು. 3 ಮಿ.ಮೀ. ತೂತಿನಿಂದ ಶುರುಮಾಡಿ 5ಕ್ಕೆ ಹಿಗ್ಗಿಸಿ, ಅಂಚಿನ ಜುಂಗು ಉಜ್ಜಿ ತೆಗೆಯಿರಿ. ಬೋಲ್ಟ್ ಬಿಗಿಯುವ ಮುಂಚೆಯೇ ಮಡ್‌ಗಾರ್ಡು ಟೈರಿನ ಸುತ್ತ ಸಮ ಅಂತರದಲ್ಲಿ ತಾನಾಗಿ ನಿಂತಿರಬೇಕು. ಸಂದಿ ಉಳಿದರೆ ಬೋಲ್ಟಿನಿಂದ ಎಳೆಯಬೇಡಿ, ಸ್ಪೇಸರ್ ಮತ್ತು ಚರ್ಮದ ವಾಷರ್ ತುಂಬಿಸಿ. ಎಳೆದು ಬಿಗಿದದ್ದು ರಸ್ತೆಯ ಅದುರಾಟಕ್ಕೆ ತೂತಿನಿಂದಲೇ ಬಿರುಕು ಬಿಡುತ್ತದೆ. ದಿನಾ ಮಳೆಯಲ್ಲಿ ಓಡಾಡುವ ಸೈಕಲ್ಲಿಗೆ, ಗುಂಡಿ ಬಿದ್ದ ರಸ್ತೆಗೆ ನಮ್ಮ ಆಯ್ಕೆ ಎಸ್‌ಕೆಎಸ್. ಅರ್ಧ ದಿನ ಕೂತು ತಾಳ್ಮೆಯಿಂದ ಕೂರಿಸುವವರಿಗೆ ಹೊಂಜೊ.

ಯಾವುದೇ ಆಗಲಿ, ಮುಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರ್ ಫ್ಲಾಪ್ ಕಟ್ಟಿ, ನೆಲದಿಂದ 10 ಸೆಂ.ಮೀ.ವರೆಗೆ ಬರಲಿ. ಹಿಂದಿನ ಬಲಬದಿಯ ಸರಳಿನ ಬೋಲ್ಟು ಡ್ರಾಪ್‌ಔಟಿನ ಒಳಮುಖಕ್ಕೆ ಚಾಚದಂತೆ ನೋಡಿಕೊಳ್ಳಿ. ಒಂದೆರಡು ಮಿ.ಮೀ. ಚಾಚಿದರೂ ಸಣ್ಣ ಹಲ್ಲುಚಕ್ರಕ್ಕೆ ಗೇರು ಬಿದ್ದಾಗ ಚೈನು ಅದಕ್ಕೆ ತಗಲುತ್ತದೆ.