ಪ್ಯಾಕೆಟ್ ಟ್ರೇಸರ್: ಪರೀಕ್ಷೆ ಮುಗಿದರೂ ಲ್ಯಾಪ್‌ಟಾಪಿನಿಂದ ತೆಗೆಯದ ಸಾಫ್ಟ್‌ವೇರ್

ಪ್ಯಾಕೆಟ್ ಟ್ರೇಸರ್ ಅಂದರೆ ರೌಟರು, ಸ್ವಿಚ್ಚು, ಕೇಬಲ್ಲುಗಳನ್ನು ಪರದೆಯ ಮೇಲೆಯೇ ಜೋಡಿಸಿ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊದ ಸಾಫ್ಟ್‌ವೇರ್. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಹಿಡಿದುಕೊಂಡೆ ಎನ್ನುವುದು ಕೆಳಗೆ ಬರುತ್ತದೆ. ಸಿಸಿಎನ್‌ಎಗೆ (ಸಿಸ್ಕೊ ಕಂಪೆನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ) ಓದಲು ಹೊರಟವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಈಗಲೇ ಇಳಿಸಿಕೊಳ್ಳಬಹುದು. ದುಡ್ಡು ಕೊಡಬೇಕಾಗಿಲ್ಲ, ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ಇದ್ದರೆ ಆಯಿತು. ವಿಂಡೋಸ್, ಮ್ಯಾಕ್, ಉಬುಂಟು ಮೂರಕ್ಕೂ ಸಿಗುತ್ತದೆ. ಪರೀಕ್ಷೆಗೆ 300 ಡಾಲರ್, ಮೇಲೆ ತೆರಿಗೆ. ಡೊಂಬಿವಲಿಯಲ್ಲಿ ಬಾಡಿಗೆ ಕಟ್ಟಿ, ಐರೋಲಿಯ ಕಂಪೆನಿಯೊಂದರ ಹೆಲ್ಪ್‌ಡೆಸ್ಕಿನಲ್ಲಿ ಕೂರುವ ನನ್ನಂಥವನಿಗೆ ಆ ಶುಲ್ಕ ಹೊಂದಿಸುವುದೇ ದೊಡ್ಡದು. ಲ್ಯಾಬಿಗೆ ಬೇರೆ ಖರ್ಚು ಎಲ್ಲಿಂದ?

ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ವಿಚ್ಚು, ರೌಟರು ಹುಡುಕಿ ಮನೆಯಲ್ಲೇ ಲ್ಯಾಬ್ ಹಾಕು ಎಂದು ಹೇಳುವವರು ಮುಂಬಯಿಯಲ್ಲಿ ಬಹಳ ಮಂದಿ. ನನ್ನ ರೂಮ್‌ಮೇಟ್ ಹಾಗೇ ಮಾಡಿದ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ 24 ಪೋರ್ಟಿನ ಸ್ವಿಚ್ಚನ್ನು ಹೆಗಲ ಮೇಲೆ ಹೊತ್ತು ತಂದ. ಅದರ ಫ್ಯಾನಿನ ಸದ್ದಿಗೆ ಒನ್ ರೂಮ್ ಕಿಚನ್‌ನಲ್ಲಿ ಯಾರೂ ನಿದ್ದೆ ಮಾಡುವ ಹಾಗಿರಲಿಲ್ಲ. ಈಗ ಅದು ಮಾಳಿಗೆಯ ಮೇಲಿದೆ. ನಾನು ಪ್ಯಾಕೆಟ್ ಟ್ರೇಸರಿನಲ್ಲೇ ಓದಿದೆ, ಅದರಲ್ಲೇ ಪಾಸಾದೆ, ಇವತ್ತಿಗೂ ಬಳಸುತ್ತಿದ್ದೇನೆ.

ಇದರ ಜೀವಾಳ ಸಿಮ್ಯುಲೇಷನ್ ಮೋಡ್: ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಸಾಗುವುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಕೆಳಗೆ ಬಲಮೂಲೆಯಲ್ಲಿ ಬಟನ್ ಇದೆ. ಬಹಳಷ್ಟು ಕೋಚಿಂಗ್ ಕ್ಲಾಸಿನವರು ಅದನ್ನು ಮುಟ್ಟುವುದೇ ಇಲ್ಲ. ರಿಯಲ್‌ಟೈಮಿನಲ್ಲಿ ಪಿಂಗ್ (ಆಚೆ ಕಂಪ್ಯೂಟರ್ ಸಿಗುತ್ತದೆಯೇ ಎಂದು ನೋಡುವ ಸಂದೇಶ) ಹೋಯಿತು, ಬಂತು, ಮುಂದಿನ ಲ್ಯಾಬ್. ಎರಡು ನೆಟ್‌ವರ್ಕು, ನಡುವೆ ಒಂದು ರೌಟರ್ ಇಟ್ಟು ಪಿಂಗ್ ಮಾಡಿ ನೋಡಿ: ಮೊದಲನೆಯದು ಟೈಮ್ ಔಟ್ ಆಗಿ ಉಳಿದವು ಸಲೀಸಾಗಿ ಬರುವುದುಂಟು. ಇದು ಸಾಫ್ಟ್‌ವೇರಿನ ದೋಷವಲ್ಲ. ಸಿಮ್ಯುಲೇಷನ್ ಮೋಡಿಗೆ ಹೋಗಿ ಒಂದೊಂದೇ ಹೆಜ್ಜೆ ಒತ್ತುತ್ತ ಹೋದರೆ ಕಾರಣ ಕಣ್ಣೆದುರೇ ಬರುತ್ತದೆ. ಪಿಂಗ್ ಹೊರಡುವ ಮೊದಲು ಕಂಪ್ಯೂಟರು ಗೇಟ್‌ವೇಯ, ಅಂದರೆ ಹೊರದಾರಿಯಾದ ರೌಟರಿನ, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಯಾವುದೆಂದು ಎಆರ್‌ಪಿ (ಐಪಿ ವಿಳಾಸದಿಂದ ಮ್ಯಾಕ್ ತಿಳಿಯುವ ವಿಧಾನ) ಮೂಲಕ ಕೂಗಿ ಕೇಳುತ್ತದೆ. ಆಚೆ ಬದಿಯ ಕಂಪ್ಯೂಟರಿನ ಮ್ಯಾಕ್ ಗೊತ್ತಿಲ್ಲದೆ ರೌಟರ್ ಕೂಡ ಅಲ್ಲಿ ಹಾಗೇ ಕೂಗುತ್ತದೆ. ಆ ಉತ್ತರ ಬರುವಷ್ಟರಲ್ಲಿ ಮೊದಲ ಪ್ಯಾಕೆಟ್ಟನ್ನು ಕೈಬಿಟ್ಟಾಗಿರುತ್ತದೆ.

ಪರದೆಯ ಮೇಲೆ ಓಡುವ ಆ ಚಿಕ್ಕ ಲಕೋಟೆಯನ್ನು ಒತ್ತಿದರೆ ನೆಟ್‌ವರ್ಕಿನ ಕೆಲಸವನ್ನು ವಿಂಗಡಿಸುವ ಏಳು ಪದರಗಳೂ (ಲೇಯರ್) ತೆರೆದುಕೊಳ್ಳುತ್ತವೆ: ಒಳಗೆ ಬಂದದ್ದು ಒಂದು ಬದಿ, ಹೊರಗೆ ಹೋಗುವುದು ಇನ್ನೊಂದು ಬದಿ. ರೌಟರಿನಲ್ಲಿ ನಿಂತು ಎರಡೂ ಬದಿ ಹೋಲಿಸಿದರೆ ಎರಡು ಕಡೆಯ ಐಪಿ ವಿಳಾಸಗಳು ಇದ್ದ ಹಾಗೇ ಇವೆ, ಮ್ಯಾಕ್ ವಿಳಾಸ ಎರಡೂ ಬದಲಾಗಿವೆ, ಟಿಟಿಎಲ್ (ಇನ್ನೆಷ್ಟು ರೌಟರ್ ದಾಟಬಹುದೆಂಬ ಲೆಕ್ಕ) ಒಂದು ಕಡಿಮೆಯಾಗಿದೆ. ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಹಿಡಿದು ಐರೋಲಿಗೆ ಹೋಗುವವನ ಟಿಕೆಟ್ ಒಂದೇ, ಗಾಡಿ ಎರಡು. ಲೇಯರ್ 3 (ಐಪಿ) ಮತ್ತು ಲೇಯರ್ 2 (ಮ್ಯಾಕ್) ಇದಕ್ಕಿಂತ ಬೇರೆ ಇಲ್ಲ. ಪುಸ್ತಕದಲ್ಲಿ ಓದಿ ಮರೆತದ್ದು ಇಲ್ಲಿ ನೋಡಿದ ಮೇಲೆ ತಲೆಯಲ್ಲಿ ಉಳಿಯಿತು.

ಸ್ವಿಚ್ಚಿಗೆ ಕೇಬಲ್ ಸಿಕ್ಕಿಸಿದೊಡನೆ ಕೊಂಡಿ ಕಿತ್ತಳೆ ಬಣ್ಣದಲ್ಲೇ ಉಳಿಯುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಅದು ಸ್ಪ್ಯಾನಿಂಗ್ ಟ್ರೀ, ಪ್ಯಾಕೆಟ್ಟುಗಳು ಸುತ್ತು ಹೊಡೆಯದಂತೆ ಸ್ವಿಚ್ಚು ಮಾಡುವ ತಪಾಸಣೆ: ಆಲಿಸಲು 15 ಸೆಕೆಂಡು, ಕಲಿಯಲು 15 ಸೆಕೆಂಡು, ಆಮೇಲೆ ಹಸಿರು. ಕಾಯುವ ತಾಳ್ಮೆ ಇಲ್ಲದವರಿಗೆ ಫಾಸ್ಟ್ ಫಾರ್ವರ್ಡ್ ಬಟನ್ ಇದೆ. ಕಮ್ಯಾಂಡ್ ತಪ್ಪು ಟೈಪ್ ಮಾಡಿದರೆ ಅದನ್ನು ಯಾವುದೋ ಹೋಸ್ಟ್‌ನ ಹೆಸರೆಂದು ತಿಳಿದು ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಹುಡುಕುತ್ತ ಪರದೆ ನಿಂತುಬಿಡುವ ಅಸಲಿ ರೌಟರಿನ ಕಾಟವನ್ನೂ ಇದರಲ್ಲಿ ನಿಷ್ಠೆಯಿಂದ ಇಳಿಸಿದ್ದಾರೆ. ‘ನೋ ಐಪಿ ಡೊಮೇನ್ ಲುಕಪ್’ ಹಾಕಿದರೆ ಪೀಡೆ ತೊಲಗುತ್ತದೆ.

ಸಬ್‌ನೆಟ್ಟಿಂಗಿಗೆ, ಅಂದರೆ ನೆಟ್‌ವರ್ಕನ್ನು ಚಿಕ್ಕ ತುಂಡುಗಳಾಗಿ ಒಡೆಯುವ ಲೆಕ್ಕಕ್ಕೆ, ಇದರಿಂದ ಉಪಯೋಗ ಕಡಿಮೆ. /26 ಗಾತ್ರದ ತುಂಡು ಅಂದರೆ 64 ವಿಳಾಸ, ಅದರಲ್ಲಿ ಬಳಸಬಹುದಾದದ್ದು 62 ಎನ್ನುವುದು ಬೆರಳ ತುದಿಯಲ್ಲಿರಬೇಕಾದರೆ ಪೆನ್ನು ಕಾಗದವೇ ಸರಿ. ಪರೀಕ್ಷೆ 120 ನಿಮಿಷ. ಅಲ್ಲಿ ಕೂತು ಎಣಿಸಲು ಹೊತ್ತಿಲ್ಲ.

ಪಾಸಾದ ಮೇಲೂ ಇದನ್ನು ಯಾಕೆ ಇಟ್ಟುಕೊಂಡೆ ಎನ್ನುವುದಕ್ಕೆ ಭಾವನ ಹೋಟೆಲು ಕಾರಣ. ಘಾಟ್ಕೋಪರಿನಲ್ಲಿ ಅವರದೊಂದು ಉಡುಪಿ ಹೋಟೆಲ್ ಇದೆ. ಗಲ್ಲಾದ ಕಂಪ್ಯೂಟರಿನಿಂದ ಕಿಚನ್ನಿನ ಪ್ರಿಂಟರಿಗೆ ಕೆಓಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಹೋಗಬೇಕು. ಮಧ್ಯಾಹ್ನ ಗಿರಾಕಿ ತುಂಬಿದಾಗ ಹೋಗುವುದಿಲ್ಲ, ನಾಲ್ಕು ಗಂಟೆಗೆ ತಾನಾಗಿಯೇ ಸರಿಯಾಗುತ್ತದೆ. “ಎಂತ ಮಾರಾಯ, ನಿನ್ನ ಸರ್ಟಿಫಿಕೇಟ್ ಗೋಡೆಗೆ ಹಾಕ್ಲಿಕ್ಕೆ ಮಾತ್ರವಾ?” ಎಂದು ಭಾವ ಫೋನು ಮಾಡಿದರು. ಮೆಕ್ಯಾನಿಕ್ ಎರಡು ಸಲ ಪ್ರಿಂಟರ್ ಬಿಚ್ಚಿ ನೋಡಿ ದುಡ್ಡು ತಗೊಂಡು ಹೋಗಿದ್ದನಂತೆ.

ಗಲ್ಲಾದ ಕಂಪ್ಯೂಟರಿನಲ್ಲಿ ಎಆರ್‌ಪಿ ಪಟ್ಟಿ ತೆಗೆದೆ. ಪ್ರಿಂಟರಿನ ಐಪಿ ಎದುರಿಗೆ ಇದ್ದ ಮ್ಯಾಕ್ ವಿಳಾಸದ ಎರಡನೇ ಅಕ್ಷರ ‘ಎ’. ಆ ಜಾಗದಲ್ಲಿ 2, 6, ಎ, ಇ ಇವುಗಳಲ್ಲಿ ಒಂದು ಬಂದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ, ಉಪಕರಣ ಸ್ವಂತಕ್ಕೆ ಮಾಡಿಕೊಂಡದ್ದು. ಈಗಿನ ಮೊಬೈಲುಗಳು ವೈಫೈಗೆ ಸೇರುವಾಗ ಹಾಗೆ ಮಾಡುತ್ತವೆ. ಅಲ್ಲಿಗೆ ಗೊತ್ತಾಯಿತು. ಪ್ರಿಂಟರಿಗೆ ಕೈಯಿಂದ ಕೊಟ್ಟಿದ್ದ ವಿಳಾಸ ರೌಟರಿನ ಡಿಎಚ್‌ಸಿಪಿ ಪೂಲಿನ (ಬಂದ ಉಪಕರಣಗಳಿಗೆ ತಾನಾಗಿ ಹಂಚುವ ವಿಳಾಸಗಳ ಗುಂಪು) ಒಳಗೇ ಇತ್ತು, ಗಿರಾಕಿಗಳಿಗೂ ಅದೇ ವೈಫೈ. ಊಟಕ್ಕೆ ಬಂದ ಯಾರದೋ ಫೋನಿಗೆ ಪ್ರಿಂಟರಿನ ವಿಳಾಸ ಸಿಕ್ಕಿ, ಇಡ್ಲಿ ವಡೆಯ ಆರ್ಡರ್ ಅವರ ಜೇಬಿಗೆ ಹೋಗುತ್ತಿತ್ತು.

ಪೂಲನ್ನು ಕುಗ್ಗಿಸಿ ಪ್ರಿಂಟರಿನ ವಿಳಾಸವನ್ನು ಹೊರಗಿಟ್ಟದ್ದು ಆ ಹೊತ್ತಿನ ಮದ್ದು. ಗಿರಾಕಿಗಳದ್ದು ಒಂದು ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಮಾಡಿದ ನೆಟ್‌ವರ್ಕ್), ಬಿಲ್ಲಿಂಗಿನದ್ದು ಇನ್ನೊಂದು ಎಂದು ಬೇರೆ ಮಾಡುವುದು ಸರಿಯಾದ ದಾರಿ. ಅದನ್ನು ನಡೆಯುತ್ತಿರುವ ಹೋಟೆಲಿನಲ್ಲಿ ಪ್ರಯೋಗ ಮಾಡಿದರೆ ಭಾವ ಸುಮ್ಮನಿರುತ್ತಾರೆಯೇ? ರಾತ್ರಿ ಪ್ಯಾಕೆಟ್ ಟ್ರೇಸರಿನಲ್ಲಿ ಇಡೀ ಹೋಟೆಲನ್ನು ಕಟ್ಟಿದೆ: ಗಲ್ಲಾ, ಕಿಚನ್, ಎಸಿ ಹಾಲ್, ಸ್ವಿಚ್ಚಿನಿಂದ ರೌಟರಿಗೆ ಎರಡೂ ವಿಲ್ಯಾನ್ ಸಾಗಿಸುವ ಒಂದು ಟ್ರಂಕ್, ರೌಟರಿನಲ್ಲಿ ಅವಕ್ಕೆ ಒಂದೊಂದರಂತೆ ಎರಡು ಸಬ್‌ಇಂಟರ್‌ಫೇಸ್. ಗಿರಾಕಿಯ ಕಡೆಯಿಂದ ಪ್ರಿಂಟರಿಗೆ ಪಿಂಗ್ ಹೋಯಿತು. ವಿಲ್ಯಾನ್ ಬೇರೆ ಮಾಡಿದರೂ ನಡುವೆ ರೌಟರ್ ಇದ್ದ ಮೇಲೆ ದಾರಿ ತೆರೆದೇ ಇರುತ್ತದಲ್ಲ. ತಡೆಯಲು ಆಕ್ಸೆಸ್ ಲಿಸ್ಟ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ) ಬೇಕು. ಅದನ್ನೂ ಹಾಕಿ, ಪಿಂಗ್ ನಿಂತದ್ದನ್ನು ನೋಡಿದ ಮೇಲೆಯೇ ಹೋಟೆಲಿನ ಸಾಮಾನಿಗೆ ಕೈ ಹಾಕಿದ್ದು.

ಇನ್ನು ಹಿಡಿದುಕೊಂಡ ಸ್ಟಾರಿನ ವಿಚಾರ. ಇದರಲ್ಲಿ ಕೇಬಲ್ ಯಾವತ್ತೂ ಹಾಳಾಗುವುದಿಲ್ಲ. ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವುದು) ಮಾಡುವಾಗ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಜೋಡಿಸುವ ಅಭ್ಯಾಸ ಮೌಸಿನಿಂದ ಬರುವುದಿಲ್ಲ. ಮಳೆಗಾಲದಲ್ಲಿ ಜಂಕ್ಷನ್ ಬಾಕ್ಸಿಗೆ ನೀರಿಳಿದು ತುಕ್ಕು ಹಿಡಿದ ಆರ್‌ಜೆ-45 ಪ್ಲಗ್ ಇಲ್ಲಿ ಕಾಣಸಿಗದು. ಮುಂಬಯಿಯಲ್ಲಿ ನನಗೆ ಬರುವ ಕಂಪ್ಲೇಂಟುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಹಾಗಾಗಿ ಒಂದು ಕ್ರಿಂಪಿಂಗ್ ಟೂಲ್, ಅಗ್ಗದ ಕೇಬಲ್ ಟೆಸ್ಟರ್, ಸ್ವಲ್ಪ ಕ್ಯಾಟ್-6 ಇವಿಷ್ಟನ್ನು ಲ್ಯಾಮಿಂಗ್ಟನ್ ರೋಡಿನಿಂದ ತನ್ನಿ, ಸ್ವಿಚ್ಚನ್ನು ಬಿಡಿ.

ಎರಡನೆಯದು, ಇದು ಅನುಕರಣೆ. ಅಸಲಿ ಐಓಎಸ್‌ನ (ಸಿಸ್ಕೊ ರೌಟರು, ಸ್ವಿಚ್ಚುಗಳ ಆಪರೇಟಿಂಗ್ ಸಿಸ್ಟಮ್, ಐಫೋನಿನದ್ದಲ್ಲ) ಕಮ್ಯಾಂಡುಗಳಲ್ಲಿ ಒಂದು ಭಾಗ ಮಾತ್ರ ಇಲ್ಲಿ ನಡೆಯುತ್ತದೆ. ಸಿಸಿಎನ್‌ಎಗೆ ಬೇಕಾದದ್ದು ಬಹುಪಾಲು ಇದೆ. ಅದರಾಚೆ ಹೋಗುವವರು ಅಸಲಿ ಓಎಸ್ಸನ್ನೇ ಓಡಿಸುವ ಜಿಎನ್‌ಎಸ್3 ಕಡೆ ನೋಡಬೇಕು. ಅಲ್ಲಿ ಓಎಸ್ ಇಮೇಜನ್ನು ನಾವೇ ನ್ಯಾಯವಾಗಿ ಹೊಂದಿಸಿಕೊಳ್ಳಬೇಕು, ಲ್ಯಾಪ್‌ಟಾಪಿಗೂ ದಮ್ಮಿರಬೇಕು. ನಿಜವಾದ ಇಂಟರ್ನೆಟ್ಟಿನಲ್ಲಿ ಓಡುವ ಪ್ಯಾಕೆಟ್ ಬಿಚ್ಚಿ ನೋಡಲು ವೈರ್‌ಶಾರ್ಕ್ ಇದೆ, ಅದೂ ಪುಕ್ಕಟೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ. ಕ್ಲಾಸಿನ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಎಂದು ಕೇಳಿಕೊಂಡು ಅದನ್ನೇ ಮನೆಯಲ್ಲೂ ಹಾಕಿ.

ಕಾಂಪ್‌ಟಿಯಾದ ನೆಟ್‌ವರ್ಕ್ ಪ್ಲಸ್ ಪರೀಕ್ಷೆಗೆ ಓದುವವರಿಗೂ ನಡೆಯುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಅದು ಯಾವ ಕಂಪೆನಿಗೂ ಅಂಟಿಕೊಳ್ಳದ ಪರೀಕ್ಷೆ, ಸಿಸ್ಕೊ ಕಮ್ಯಾಂಡ್ ಅಷ್ಟಾಗಿ ಬೇಡ. ಆದರೂ ಡಿಎಚ್‌ಸಿಪಿ, ಡಿಎನ್‌ಎಸ್, ವಿಲ್ಯಾನ್ ನಡೆಯುವ ರೀತಿ ಎಲ್ಲ ಕಡೆ ಒಂದೇ. ಸಿಮ್ಯುಲೇಷನ್ ಮೋಡಿಗಾಗಿಯಾದರೂ ಹಾಕಿಕೊಳ್ಳಿ.